ಬೀಗರು ಕೊಟ್ಟ ಫೋನು

ಕೆಂಚೇಶನಿಗೂ ಗಂಗೋತ್ರಿಗೂ ಹೊನ್ನಾಳಿಯ ಕಲ್ಯಾಣ ಮಂಟಪದಲ್ಲಿ ಮದುವೆಯಾದ ದಿನ, ಬೀಗರಿಗೆ ಬಟ್ಟೆ ಕೊಡುವ ಹೊತ್ತಿನಲ್ಲಿ ಎರಡೂ ಕಡೆಯ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸೀರೆಯ ಜೊತೆಗೆ ಅತ್ತೆಗೆ ಏನಾದರೂ ಹೊಸದು ಕೊಡಬೇಕೆಂದು ಕೆಂಚೇಶ ಜಗಳೂರಿನಲ್ಲಿ ಒಂದು ಮೊಬೈಲು ಕೊಂಡು ತಂದಿದ್ದ. ಅದನ್ನು ಅವನ ತಾಯಿ ಬೊಮ್ಮಕ್ಕ ಅರಿಸಿನ ಕುಂಕುಮ ಹಚ್ಚಿ ಗಂಗೋತ್ರಿಯ ತಾಯಿ ಕರಿಬಸಮ್ಮನ ಕೈಗೆ ಕೊಟ್ಟಳು. ಕರಿಬಸಮ್ಮ ಡಬ್ಬಿ ತೆರೆದು ನೋಡಿದಳು. ತನ್ನ ಚೀಲದಿಂದ ಹೆಚ್ಚುಕಡಿಮೆ ಅಷ್ಟೇ ಅಗಲದ ಇನ್ನೊಂದು ಡಬ್ಬಿ ತೆಗೆದು ಬೊಮ್ಮಕ್ಕನ ಕೈಗಿಟ್ಟಳು. ಅದರಲ್ಲಿದ್ದದ್ದೂ ಮೊಬೈಲೇ. ಅವಳ ಗಂಡ ಆಂಜನೇಯಪ್ಪ ಹೊನ್ನಾಳಿಯಲ್ಲಿ ಕೊಂಡದ್ದು.

ಇಬ್ಬರು ಬೀಗತಿಯರಿಗೂ ಅದು ಮೊದಲ ಫೋನು. ಅಲ್ಲಿಯವರೆಗೆ ಎರಡೂ ಮನೆಯಲ್ಲಿ ಗಂಡನ ಜೇಬಿನಲ್ಲಿದ್ದದ್ದೇ ಮನೆಯ ಫೋನು. ಜಗಳೂರಿನದು ಗರುಡ ಎಂಬ ಕಂಪನಿಯದು, ಹೊನ್ನಾಳಿಯದು ತರಂಗ ಎಂಬ ಕಂಪನಿಯದು. ಎರಡೂ ಸ್ಕೀಮಿನವು. ಅರ್ಧಕ್ಕಿಂತ ಕಡಿಮೆ ಬೆಲೆ, ಒಳಗೇ ಸಿಮ್ಮು, ಒಂದು ವರ್ಷ ರೀಚಾರ್ಜು ಪುಕ್ಕಟೆ. ಪುಕ್ಕಟೆ ಎಂದು ಬರೆದದ್ದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೇನು ಬರೆದಿದೆ ಎಂದು ನೋಡುವ ಅಭ್ಯಾಸ ಅಳಿಯನಿಗೂ ಇರಲಿಲ್ಲ, ಮಾವನಿಗೂ ಇರಲಿಲ್ಲ.

ಬೊಮ್ಮಕ್ಕನ ಮನೆ ಇದ್ದದ್ದು ಬಿಳಿಚೋಡಿನಿಂದ ಎರಡು ಮೈಲಿ ಆಚೆಯ ಹಟ್ಟಿಯಲ್ಲಿ. ಅವಳು, ಅವಳ ಗಂಡ ರಂಗಣ್ಣ, ಮೂವತ್ತೆಂಟು ಕುರಿ, ಮಗನ ಗೂಡ್ಸ್ ಆಟೊ. ಬೊಮ್ಮಕ್ಕ ಮಾತುಗಾತಿ. ಮಾತು ಶುರುವಾದರೆ ಒಲೆಯ ಮೇಲಿನ ಅನ್ನ ತಳ ಹಿಡಿದರೂ ಮುಗಿಯುತ್ತಿರಲಿಲ್ಲ. ಹಾಗಾಗಿ ಕೇಳುವವರು ಯಾವುದಾದರೂ ನೆಪ ಹೇಳಿ ನಡುವೆಯೇ ಏಳುತ್ತಿದ್ದರು. ಕರಿಬಸಮ್ಮ ಮಾತ್ರ ಎದ್ದಿರಲಿಲ್ಲ. ಮದುವೆಯ ಎರಡು ದಿನ, ವೀಳ್ಯದೆಲೆಯ ತೊಟ್ಟು ಮುರಿಯುತ್ತ, "ಹೂಂ, ಆಮೇಲೆ?" ಎನ್ನುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಐವತ್ತೆಂಟು ವರ್ಷಕ್ಕೆ ತನಗೆ ಸಿಕ್ಕ ಮೊದಲ ಗೆಳತಿ ಇವಳೇ ಎಂದು ಬೊಮ್ಮಕ್ಕನಿಗೆ ಅನಿಸಿಬಿಟ್ಟಿತ್ತು. ಇನ್ನು ಫೋನೊಂದು ಇದ್ದರೆ ದಿನಾ ಮಾತಾಡಬಹುದು.

ಊರಿಗೆ ಬಂದು ಫೋನು ಹಚ್ಚಿದರೆ ಟವರ್ ಇಲ್ಲ. ಅಂಗಳದಲ್ಲಿ ಇಲ್ಲ, ಮಾಳಿಗೆಯ ಮೇಲೆ ಇಲ್ಲ, ಕುರಿ ಮೇಯಿಸುವ ದಿಬ್ಬದ ನೆತ್ತಿಯಲ್ಲೂ ಇಲ್ಲ. ರಂಗಣ್ಣನ ಹಳೆಯ ಫೋನಿಗೆ ಗರುಡದ ಸಿಮ್ಮು. ಅದಕ್ಕೆ ಕುರಿ ರೊಪ್ಪದ ಒಳಗೂ ಟವರ್ ಸಿಗುತ್ತಿತ್ತು. ಹಾಗಾದರೆ ಆ ಸಿಮ್ಮನ್ನೇ ಇದಕ್ಕೆ ಹಾಕಿದರಾಯಿತೆಂದು ಹಾಕಿ ನೋಡಿದರು. ಫೋನು ಇಂಗ್ಲಿಷಿನಲ್ಲಿ ಏನೋ ಬೈದು ಸುಮ್ಮನಾಯಿತು.

ಬೊಮ್ಮಕ್ಕ ಯಾರಿಗೂ ಹೇಳದೆ ಜಗಳೂರಿನ ಬಸ್ ಹತ್ತಿದಳು. ಬಸ್ ಸ್ಟ್ಯಾಂಡಿನ ಎದುರಿಗೆ ಅರುಣ್ ಕುಮಾರ್ ಎಂಬವನ ಮೊಬೈಲ್ ರಿಪೇರಿ ಅಂಗಡಿ. ಅವನು ಫೋನನ್ನು ತಿರುಗಿಸಿ ಮುರುಗಿಸಿ ನೋಡಿ, ರಿಪೇರಿಗೆ ಬಂದದ್ದಲ್ಲ, ಫೋನು ಚೆನ್ನಾಗಿಯೇ ಇದೆ ಎಂದ.

"ಕಂಪನಿಯೋರೇ ಬೀಗ ಹಾಕ್ಯಾರೆ ಅಮ್ಮಾರೆ. ತರಂಗದ ಸಿಮ್ ಬಿಟ್ರೆ ಬ್ಯಾರೇದಕ್ಕೆ ಇದು ಬಾಯಿ ಬಿಡಲ್ಲ. ನಮ್ಮ ಕಡೆ ತರಂಗದ ಟವರೇ ಇಲ್ಲ."

"ಬೀಗರು ಕೊಟ್ಟ ಫೋನಪ್ಪ," ಎಂದಳು ಬೊಮ್ಮಕ್ಕ. "ಬೀಗ ಇಲ್ದೆ ಇರ್ತೈತಾ?"

ಅರುಣ್ ಕುಮಾರ್ ನಕ್ಕ. ಆದರೆ ಅವಳು ನಗಲಿಕ್ಕೆಂದು ಹೇಳಿರಲಿಲ್ಲ. ಬೀಗ ಒಡೆಯಲು ಆಗುತ್ತದೆಯೇ ಎಂದು ಕೇಳಿದಳು. ಮೂರು ವರ್ಷ ಕಳೆದ ಮೇಲೆ ಕಂಪನಿಯವರೇ ತೆಗೆಯುತ್ತಾರೆ, ಅಷ್ಟು ಕಡಿಮೆ ಬೆಲೆಗೆ ಕೊಟ್ಟದ್ದೇ ಆ ಕರಾರಿನ ಮೇಲೆ, ನಾವು ಕೈ ಹಾಕಿದರೆ ಇರುವ ಫೋನೂ ಹಾಳಾಗುತ್ತದೆ ಎಂದು ಅವನು ಬಿಡಿಸಿ ಹೇಳಿದ. ಬೊಮ್ಮಕ್ಕನಿಗೆ ಕರಾರು ಅರ್ಥವಾಯಿತು, ನ್ಯಾಯ ಅರ್ಥವಾಗಲಿಲ್ಲ.

"ಸಂತೇಲಿ ಟಗರು ಹಿಡ್ಕಂಡು ಬಂದು ನಮ್ಮ ಗೂಟಕ್ಕೆ ಕಟ್ಟೀವಿ ಅನ್ನು. ಅದು ಮಾರಿದೋನ ಹೊಲದ ಹುಲ್ಲೇ ತಿನ್ನಬೇಕು ಅಂದ್ರೆ, ಅದು ಯಾರ ಟಗರು?"

ಅರುಣ್ ಕುಮಾರ್ ಸ್ವಲ್ಪ ಯೋಚಿಸಿ, ಈ ಪ್ರಶ್ನೆಯನ್ನು ಕಂಪನಿಯವರಿಗೇ ಕೇಳಬೇಕು ಎಂದ. ಬೇರೆ ಫೋನು ತೋರಿಸಲೇ ಎಂದೂ ಕೇಳಿದ. ಬೊಮ್ಮಕ್ಕ ಬೇಡವೆಂದಳು. ಬೀಗರು ಕೊಟ್ಟದ್ದನ್ನು ಪೆಟ್ಟಿಗೆಯಲ್ಲಿಟ್ಟು ಬೇರೆಯದನ್ನು ಹಿಡಿದುಕೊಂಡು ಓಡಾಡಿದರೆ, ಸುದ್ದಿ ಸಾಸ್ವೆಹಳ್ಳಿಗೆ ಮುಟ್ಟುವುದಕ್ಕೆ ಟವರ್ ಬೇಕಾಗಿಲ್ಲ. ಮನೆಗೆ ಬಂದು ಸೊಸೆಯನ್ನು ಒಳಗೆ ಕರೆದು, ಗಂಗಾ, ನಿಮ್ಮವ್ವನಿಗೆ ಮಾತ್ರ ಇದು ಗೊತ್ತಾಗಬಾರದು ಎಂದು ಆಣೆ ಹಾಕಿಸಿಕೊಂಡಳು. ಕೊಟ್ಟದ್ದು ಕೆಲಸಕ್ಕೆ ಬರಲಿಲ್ಲ ಎಂದು ಬೀಗರ ಮುಂದೆ ಹೇಳುವುದು ಮರ್ಯಾದಸ್ಥರ ಲಕ್ಷಣವಲ್ಲ.

ಗಂಗೋತ್ರಿ ಆಣೆ ಹಾಕುವಾಗ ಅವಳ ಮುಖದಲ್ಲಿ ಏನೋ ಸುಳಿದದ್ದನ್ನು ಬೊಮ್ಮಕ್ಕ ಗಮನಿಸಲಿಲ್ಲ. ಕಾರಣ ಇಷ್ಟೇ. ಹಿಂದಿನ ದಿನವಷ್ಟೇ ತಾಯಿ ಆಂಜನೇಯಪ್ಪನ ಫೋನಿನಿಂದ ಮಾತಾಡಿ, ಇಂಥದೇ ಆಣೆಯನ್ನು ಅವಳಿಂದ ಹಾಕಿಸಿಕೊಂಡಿದ್ದಳು.

ಕರಿಬಸಮ್ಮನ ಮನೆ ಸಾಸ್ವೆಹಳ್ಳಿಯಲ್ಲಿ ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿತ್ತು. ರೊಟ್ಟಿ ಬಡಿದು ಹೊನ್ನಾಳಿಯ ಎರಡು ಖಾನಾವಳಿಗಳಿಗೆ ಕಳಿಸುವುದು ಅವಳ ಕೆಲಸ. ದಿನಕ್ಕೆ ಇನ್ನೂರು ರೊಟ್ಟಿ. ಕೈ ಆಡುತ್ತದೆ, ಕಿವಿ ಖಾಲಿ. ಅಂಥ ಹೊತ್ತಿನಲ್ಲಿ ಬೀಗತಿಯ ಮಾತು ಕೇಳುತ್ತಿದ್ದರೆ ಎಷ್ಟು ಚೆನ್ನ ಎಂದು ಅವಳಿಗೂ ಅನಿಸಿತ್ತು. ಆದರೆ ಆ ಓಣಿಯಲ್ಲಿ ಗರುಡದ ಸುಳಿವಿರಲಿಲ್ಲ. ಫೋನು ಹಿಡಿದು ಹೊಳೆಯ ದಂಡೆಯವರೆಗೂ ಹೋಗಿ ಬಂದಳು. ಬಟ್ಟೆ ಒಗೆಯುತ್ತಿದ್ದವರು ಏನು ಹುಡುಕುತ್ತಿದ್ದೀಯ ಎಂದು ಕೇಳಿದ್ದಕ್ಕೆ ಕಾಲ್ಗೆಜ್ಜೆಯ ತಿರುಪು ಎಂದು ಸುಳ್ಳು ಹೇಳಿದಳು. ಅವರೂ ಸೇರಿಕೊಂಡು ಅರ್ಧ ಗಂಟೆ ತಿರುಪು ಹುಡುಕಿದರು. ಕೊನೆಗೆ ಅವಳು ಫೋನಿಗೆ ಕುಂಕುಮವಿಟ್ಟು ದೇವರ ಗೂಡಿನಲ್ಲಿ ಕೂರಿಸಿದಳು.

ಇಲ್ಲಿಗೆ ನಿಂತಿದ್ದರೆ ಕಥೆಯಾಗುತ್ತಿರಲಿಲ್ಲ. ಬೊಮ್ಮಕ್ಕ ಒಂದು ದಿನ ತಡೆಯಲಾರದೆ ರಂಗಣ್ಣನ ಫೋನಿನಿಂದ ಬೀಗತಿಯ ಹೊಸ ನಂಬರಿಗೆ ಮಾಡಿದಳು. ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಿತು. ಮರುದಿನವೂ ಹಾಗೇ ಎಂದಿತು. ಆ ಕಡೆ ಕರಿಬಸಮ್ಮ ಗಂಡನ ಫೋನಿನಿಂದ ಬೊಮ್ಮಕ್ಕನ ನಂಬರಿಗೆ ಮಾಡಿದಳು. ಅವಳಿಗೂ ಅದೇ ಹೆಣ್ಣುಧ್ವನಿ ಅದೇ ಮಾತು ಹೇಳಿತು. ನನ್ನ ಫೋನು ಸಿಗದಿದ್ದರೆ ಅದು ಊರಿನ ದೋಷ, ಬೀಗತಿಯ ಫೋನು ಸಿಗದಿದ್ದರೆ ಅದು ಬೀಗತಿಯ ದೋಷ. ಹೀಗೆಂದು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಇಬ್ಬರ ಲೆಕ್ಕವೂ ಇದೇ ಆಗಿತ್ತು. ಹೊಳೆ ದಂಡೆಯ ಊರು, ದೊಡ್ಡ ರಸ್ತೆ, ಅಲ್ಲಿ ಟವರ್ ಇಲ್ಲದೆ ಇರುತ್ತದೆಯೇ ಎಂದು ಬೊಮ್ಮಕ್ಕ. ಬಯಲುಸೀಮೆ, ಮರ ಇಲ್ಲ ಗುಡ್ಡ ಇಲ್ಲ, ಟವರಿಗೆ ಏನು ಅಡ್ಡ ಎಂದು ಕರಿಬಸಮ್ಮ.

ಒಬ್ಬರ ಗಂಡನ ಫೋನಿನಿಂದ ಇನ್ನೊಬ್ಬರ ಗಂಡನ ಫೋನಿಗೆ ಮಾಡಿ ಮಾತಾಡಬಹುದಿತ್ತು. ಆದರೆ ನಾವು ಕೊಟ್ಟ ಫೋನು ಎಲ್ಲಿ ಎಂದು ಆ ಕಡೆಯಿಂದ ಕೇಳಿದರೆ? ಗಂಗೋತ್ರಿಯ ಫೋನಿನಲ್ಲಿ ಮಾತಾಡಬಹುದಿತ್ತು. ಅವಳು ಎರಡು ಸಲ ಕೊಡಲೂ ಹೋದಳು. ಹಾಗೆ ಸೊಸೆಯ ಫೋನಿನಲ್ಲಿ ಮಾತಾಡಲು ತಾನೇನು ಫೋನಿಲ್ಲದವಳೇ ಎಂದು ಬೊಮ್ಮಕ್ಕ ಕೈ ಕೊಡವಿದಳು. ಗಂಗೋತ್ರಿಯ ತಾಯಿಯಂತೂ, ಮಾತಾಡುವ ಮನಸ್ಸಿದ್ದವರು ಆಫ್ ಮಾಡಿಕೊಂಡು ಕೂರುವುದಿಲ್ಲ ಎಂದು ಹೇಳಿ ಫೋನಿಟ್ಟಳು.

ಮೊದಮೊದಲು ಗಂಗೋತ್ರಿಗೆ ಇದು ಮಜವಾಗಿಯೇ ಇತ್ತು. ಒಂದು ಮಾತಿನಲ್ಲಿ ಬಗೆಹರಿಯುವ ವ್ಯಾಜ್ಯ ತನ್ನ ಬಾಯೊಳಗೇ ಇದೆ, ಎರಡು ಆಣೆಗಳು ಅದನ್ನು ಕಟ್ಟಿಹಾಕಿವೆ. ಮಲಗುವ ಕೋಣೆಯಲ್ಲಿ ಗಂಡನಿಗೆ ಹೇಳಿ ಇಬ್ಬರೂ ದಿಂಬಿನಲ್ಲಿ ಮುಖ ಮುಚ್ಚಿ ನಕ್ಕದ್ದೂ ಉಂಟು. ಗಂಡನಿಗೆ ಹೇಳಬಾರದೆಂದು ಯಾರೂ ಆಣೆ ಹಾಕಿಸಿರಲಿಲ್ಲ. ಅವನು ಹೊರಗೆ ಬಾಯಿ ಬಿಡದಂತೆ ಅವಳೇ ಆಣೆ ಹಾಕಿಸಿದಳು. ಆದರೆ ತಿಂಗಳುಗಳು ಕಳೆದಂತೆ ನಗು ಕಡಿಮೆಯಾಯಿತು. ರೊಟ್ಟಿ ಮುರಿಯುವಾಗ ಬೊಮ್ಮಕ್ಕ, ಈ ಹೊಳೆಸಾಲಿನ ಹೆಂಗಸರಿಗೆ ಬಿಂಕ ಜಾಸ್ತಿ ಎನ್ನತೊಡಗಿದಳು. ಅತ್ತ ಕರಿಬಸಮ್ಮ, ಎರಡು ದಿನದ ಮಾತಿಗೆ ಮರುಳಾದೆ, ಬಾಯಿ ದೊಡ್ಡದಿದ್ದವರ ಮನಸ್ಸು ದೊಡ್ಡದಿರಬೇಕೆಂದೇನಿಲ್ಲ ಎಂದಳು. ಎರಡನ್ನೂ ಕೇಳಿಸಿಕೊಳ್ಳಬೇಕಾದವಳು ಬಸುರಿ ಗಂಗೋತ್ರಿ.

ಏಳನೆಯ ತಿಂಗಳಿಗೆ ಕುಬಸ ಎಂದು ಗಂಡಸರೇ ಮಾತಾಡಿ ದಿನ ಗೊತ್ತು ಮಾಡಿದರು. ಕುಬಸ ಮುಗಿಸಿಕೊಂಡು ಅಂದೇ ಮಗಳನ್ನು ಹೆರಿಗೆಗೆ ತವರಿಗೆ ಕರೆದೊಯ್ಯುವುದು ಎಂದಾಯಿತು. ಕರಿಬಸಮ್ಮ ಹಸಿರು ಸೀರೆ, ಹಸಿರು ಬಳೆ, ಐದು ಬಗೆಯ ಬುತ್ತಿ, ಕರ್ಜಿಕಾಯಿ, ಎಳ್ಳು ಚಿಗಳಿ ಎಲ್ಲ ಬುಟ್ಟಿಗಳಿಗೆ ತುಂಬಿದಳು. ಹೊರಡುವ ಹಿಂದಿನ ರಾತ್ರಿ ದೇವರ ಗೂಡಿನ ಕಡೆ ನೋಡಿ, ಬೀಗತಿ ಕೇಳಿದರೆ ತೋರಿಸಲಿಕ್ಕಾದರೂ ಇರಲಿ ಎಂದು ಫೋನಿನ ಕುಂಕುಮ ಒರೆಸಿ, ಚಾರ್ಜು ಮಾಡಿ, ಆನ್ ಮಾಡಿ ಕೈಚೀಲಕ್ಕೆ ಹಾಕಿಕೊಂಡಳು. ಎಂಟು ಜನ ಹೆಂಗಸರು, ಆಂಜನೇಯಪ್ಪ, ಬುಟ್ಟಿಗಳು, ಒಂದು ಟೆಂಪೋ.

ದಾವಣಗೆರೆ ಹತ್ತಿರವಾಗುತ್ತಿದ್ದಂತೆ ಕೈಚೀಲದೊಳಗೆ ಏನೋ ಕಿಚಕಿಚ ಎಂದಿತು. ಪಕ್ಕದಲ್ಲಿದ್ದವಳು ಇಲಿ ಇರಬೇಕು, ಬುತ್ತಿಯ ವಾಸನೆಗೆ ಬಂದಿದೆ ಎಂದು ಕಾಲು ಮೇಲೆ ತೆಗೆದುಕೊಂಡಳು. ಕರಿಬಸಮ್ಮ ಚೀಲ ತೆರೆದಳು. ಏಳೆಂಟು ತಿಂಗಳು ಮೂಕವಾಗಿದ್ದ ಫೋನು ಒಂದರ ಹಿಂದೆ ಒಂದು ಮೆಸೇಜು ಕಕ್ಕುತ್ತಿತ್ತು. ಕಂಪನಿಯ ಜಾಹೀರಾತುಗಳ ನಡುವೆ, ನಿಮಗೆ ಈ ನಂಬರಿನಿಂದ ಕರೆ ಬಂದಿತ್ತು ಎಂಬ ಮೆಸೇಜುಗಳು. ಕಳೆದ ಮೂರು ದಿನದಲ್ಲಿ ಹನ್ನೊಂದು ಕರೆ. ಎಲ್ಲ ಒಂದೇ ನಂಬರು. ಅವಳು ಆಂಜನೇಯಪ್ಪನಿಗೆ ತೋರಿಸಿದಳು. ಅವನು ನೋಡಿ, ಇದು ರಂಗಣ್ಣ ಬೀಗರ ನಂಬರು, ಆದರೆ ನಿನಗೆ ಯಾಕೆ ಮಾಡುತ್ತಾರೆ, ನನಗೆ ಮಾಡುತ್ತಿದ್ದರಲ್ಲ ಎಂದ.

ಯಾರು ಮಾಡಿದ್ದೆಂದು ಕರಿಬಸಮ್ಮನಿಗೆ ತಿಳಿಯಿತು. ಇನ್ನೆಂದೂ ಅವಳಿಗೆ ಫೋನು ಮಾಡುವುದಿಲ್ಲ ಎಂದು ಬೊಮ್ಮಕ್ಕ ಹಟ್ಟಿಯ ಮಂದಿಗೆಲ್ಲ ಸಾರಿದ್ದಾಳೆಂದು ಮಗಳಿಂದ ಕೇಳಿದ್ದಳು. ಸಾರಿದವಳು ಮೂರು ದಿನದಲ್ಲಿ ಹನ್ನೊಂದು ಸಲ ಮಾಡಿದ್ದಾಳೆ. ಹಾಗಾದರೆ ಇಷ್ಟು ತಿಂಗಳಲ್ಲಿ ಎಷ್ಟೋ. ಬಿಳಿಚೋಡು ಬರುವವರೆಗೆ ಕರಿಬಸಮ್ಮ ಕಿಟಕಿಯ ಆಚೆ ನೋಡುತ್ತ ಕೂತಳು. ಯಾರೋ ಕೇಳಿದ್ದಕ್ಕೆ ಕಣ್ಣಿಗೆ ಧೂಳು ಬಿತ್ತು ಎಂದಳು.

ಹಟ್ಟಿಯಲ್ಲಿ ಟೆಂಪೋ ಇಳಿದು, ಕಾಲು ತೊಳೆದು, ಬುಟ್ಟಿಗಳನ್ನು ಒಳಗಿಟ್ಟದ್ದಾಯಿತು. ಬೊಮ್ಮಕ್ಕ ಬನ್ನಿ ಎಂದಳು, ಕೂತುಕೊಳ್ಳಿ ಎಂದಳು, ನೀರು ಕೊಟ್ಟಳು. ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ. ಬೊಮ್ಮಕ್ಕ ಮಾತಾಡದೆ ಓಡಾಡುವುದನ್ನು ಕಂಡ ನೆರೆಯವರು ಅವಳಿಗೆ ಜ್ವರವೇ ಎಂದು ರಂಗಣ್ಣನನ್ನು ಕೇಳಿದರು. ಅಷ್ಟರಲ್ಲಿ ಕರಿಬಸಮ್ಮನ ಚೀಲದೊಳಗಿನ ಫೋನು ದೊಡ್ಡದಾಗಿ ಹಾಡಿತು. ಕಂಪನಿಯವರ ಕರೆ. ಅವಳು ಗಾಬರಿಯಲ್ಲಿ ಯಾವ ಬಟನ್ ಒತ್ತಿದರೆ ನಿಲ್ಲುತ್ತದೆಂದು ತಿಳಿಯದೆ ಎಲ್ಲವನ್ನೂ ಒತ್ತಿದಳು. ಮೊದಲ ಸಲ ಅದರ ಹಾಡು ಕೇಳುತ್ತಿದ್ದವಳು ಪಾಪ ಏನು ಮಾಡಿಯಾಳು.

ಬೊಮ್ಮಕ್ಕ ನೀರಿನ ತಂಬಿಗೆ ಕೆಳಗಿಟ್ಟಳು.

"ಚೆನ್ನಾಗೇ ಹೊಡ್ಕಂತೈತಲ್ಲ ಬೀಗ್ರೆ. ನಾವು ಮಾಡಿದಾಗ ಮಾತ್ರ ಹೊಡ್ಕಂಬಲ್ಲ."

"ಇಲ್ಲಿಗೆ ಬಂದ್ಮ್ಯಾಲೆ ಹೊಡ್ಕಂಡಿದ್ದು ರೀ," ಎಂದಳು ಕರಿಬಸಮ್ಮ, ಮೆಲ್ಲಗೆ. "ನಮ್ಮೂರಾಗೆ ಇದು ಒಂದಿನಾನೂ ಉಸಿರು ಬಿಟ್ಟಿಲ್ಲ. ನಿಮಗೆ ಹೆಂಗೆ ಹೇಳಾದು ಅಂತ ಸುಮ್ಕಿದ್ದೆ. ನಿಮ್ಮದು ಯಾಕೆ ಆಫ್ ಐತೆ?"

ಬೊಮ್ಮಕ್ಕ ಒಳಗೆ ಹೋದಳು. ಕಬ್ಬಿಣದ ಪೆಟ್ಟಿಗೆಯ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಮದುವೆಯ ಸೀರೆಯಲ್ಲಿ ಸುತ್ತಿಟ್ಟಿದ್ದ ಫೋನನ್ನು ತಂದು ಬೀಗತಿಯ ಮುಂದೆ ಹಿಡಿದಳು. ವಾರಕ್ಕೊಮ್ಮೆ ಚಾರ್ಜು ಮಾಡುತ್ತಿದ್ದರಿಂದ ಬೆಳಕೇನೋ ಬಂತು. ಟವರ್ ಇರಬೇಕಾದ ಜಾಗ ಖಾಲಿ. ಕರಿಬಸಮ್ಮ ಎರಡೂ ಫೋನುಗಳನ್ನು ಎರಡು ಕೈಯಲ್ಲಿ ಹಿಡಿದು, ಅದನ್ನೊಮ್ಮೆ ಇದನ್ನೊಮ್ಮೆ ನೋಡಿದಳು. ಆಮೇಲೆ ಇಬ್ಬರೂ ಒಟ್ಟಿಗೆ ಗಂಗೋತ್ರಿಯ ಕಡೆ ತಿರುಗಿದರು.

ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತಿದ್ದ ಗಂಗೋತ್ರಿ ಹೊಟ್ಟೆಗೆ ಎರಡೂ ಕೈ ಕೊಟ್ಟು ನಗುತ್ತಿದ್ದಳು. ಕಣ್ಣಲ್ಲಿ ನೀರು.

"ನಂಗೆ ಇಬ್ರೂ ಆಣೆ ಹಾಕ್ಸಿದ್ರಿ," ಎಂದಳು. "ಈಗ ನೀವೇ ಹೇಳ್ಕಂಡ್ರಿ. ನಂದೇನೂ ತಪ್ಪಿಲ್ಲ."

ಆ ಮೇಲಿನ ಕುಬಸ ಹೇಗಾಯಿತೆಂದು ಹೇಳಬೇಕಾಗಿಲ್ಲ. ಬೊಮ್ಮಕ್ಕ ಏಳೆಂಟು ತಿಂಗಳಿಂದ ಕೂಡಿಟ್ಟದ್ದನ್ನೆಲ್ಲ ಬೀಗತಿಯ ಪಕ್ಕ ಕೂತು ಹೇಳುತ್ತ ಹೋದಳು. ಕರಿಬಸಮ್ಮ ಹೂಂ ಆಮೇಲೆ ಎನ್ನುತ್ತ ಹೋದಳು. ಆರತಿ ಮಾಡಬೇಕಾದವರು ಇಬ್ಬರನ್ನೂ ಎರಡು ಸಲ ಕರೆಯಬೇಕಾಯಿತು.

ಊಟದ ಹೊತ್ತಿಗೆ ಕೆಂಚೇಶ ಒಂದು ಬುದ್ಧಿಮಾತು ಹೇಳಿದ. ಅದೇನು ದೊಡ್ಡ ವಿಷಯ, ಇಬ್ಬರೂ ಫೋನು ಅದಲುಬದಲು ಮಾಡಿಕೊಳ್ಳಿ, ಅದು ಅಲ್ಲಿ ನಡೆಯುತ್ತದೆ, ಇದು ಇಲ್ಲಿ ನಡೆಯುತ್ತದೆ. ಎಲೆಯ ಮೇಲಿನ ಕೈಗಳು ನಿಂತವು. ಕೊಟ್ಟದ್ದನ್ನು ತಿರುಗಿ ತಗೊಳ್ಳಲು ನಾವೇನು ಅಂಗಡಿ ಇಟ್ಟಿದ್ದೇವೆಯೇ ಎಂದು ಬೊಮ್ಮಕ್ಕ ಮಗನನ್ನು ಗದರಿಸಿದಳು. ಬಸುರಿಯ ಮಡಿಲು ತುಂಬಿದ ದಿನ ಉಡುಗೊರೆ ವಾಪಸ್ ಕೊಡುವ ಮಾತಾಡಬಾರದು ಎಂದು ಕರಿಬಸಮ್ಮ ಅಳಿಯನಿಗೆ, ಅಳಿಯನೆಂಬ ಮರ್ಯಾದೆಯಿಟ್ಟೇ, ತಿಳಿಹೇಳಿದಳು. ಹಾಗಾದರೆ ಫೋನು ಬೇಡ, ಬೀಗತಿಯರಿಬ್ಬರೂ ಮನೆ ಬದಲಾಯಿಸಿಕೊಳ್ಳಲಿ, ತಾನು ಸಾಸ್ವೆಹಳ್ಳಿಯ ರೊಟ್ಟಿ ತಿನ್ನಲು ತಯಾರು ಎಂದ ರಂಗಣ್ಣ. ಅವನ ಎಲೆಗೆ ಹೋಳಿಗೆ ಬಡಿಸುತ್ತಿದ್ದ ಬೊಮ್ಮಕ್ಕ ಆ ಹೋಳಿಗೆಯನ್ನು ಪಕ್ಕದವರ ಎಲೆಗೆ ಹಾಕಿ ಮುಂದೆ ಹೋದಳು.

ಇಳಿಹೊತ್ತಿಗೆ ಬೀಗರು ಮಗಳನ್ನು ಕರೆದುಕೊಂಡು ಹೊರಟರು. ಖಾಲಿ ಬುಟ್ಟಿ ಕಳಿಸಬಾರದೆಂದು ಬೊಮ್ಮಕ್ಕ ನವಣಕ್ಕಿ, ಹುರುಳಿಕಾಳು ತುಂಬಿ, ಮೇಲೆ ರವಿಕೆಯ ಕಣ ಹೊಚ್ಚಿ, ತಾನೇ ಹೊತ್ತು ಟೆಂಪೋದಲ್ಲಿಟ್ಟಳು. ಕರಿಬಸಮ್ಮ ಬಳೆಯ ಡಬ್ಬಿ ಮರೆತೆ ಎಂದು ಮತ್ತೆ ಒಳಗೆ ಹೋಗಿ ಸ್ವಲ್ಪ ತಡವಾಗಿ ಬಂದಳು. ಕೈಯಲ್ಲಿ ಬಳೆಯ ಡಬ್ಬಿ ಇರಲಿಲ್ಲ. ಯಾರೂ ಕೇಳಲಿಲ್ಲ.

ದಾವಣಗೆರೆ ದಾಟಿ ಹೊನ್ನಾಳಿ ರಸ್ತೆಗೆ ಬಿದ್ದು ಸ್ವಲ್ಪ ದೂರ ಬಂದಿದ್ದರು. ಹುರುಳಿಕಾಳಿನ ಬುಟ್ಟಿಯೊಳಗಿಂದ ಫೋನು ಹೊಡೆದುಕೊಂಡಿತು. ಕರಿಬಸಮ್ಮ ಕಣ ಸರಿಸಿ, ಕಾಳಿನೊಳಗೆ ಕೈ ತೂರಿಸಿ ತೆಗೆದಳು. ಬೊಮ್ಮಕ್ಕನ ಫೋನು. ಅದರ ಮೇಲೆ ಬೀಗತಿ ಎಂದು ಹೆಸರು ಬಂದಿತ್ತು. ಮದುವೆಯ ದಿನವೇ ಗಂಗೋತ್ರಿ ಇಬ್ಬರ ಫೋನಿನಲ್ಲೂ ಹಾಗೆ ಬರೆದುಕೊಟ್ಟಿದ್ದಳು. ಫೋನು ಕೈ ಬದಲಾದರೂ ಹೆಸರು ಬದಲಾಯಿಸುವ ಅಗತ್ಯ ಬೀಳಲಿಲ್ಲ.

"ಬೀಗ್ರೆ, ನಿಮ್ಮ ಫೋನು ಇಲ್ಲೇ ಕ್ಯಾಲೆಂಡರಿನ ಹಿಂದೆ ಮರ್ತು ಹೋಗೀರಿ," ಎಂದಿತು ಬೊಮ್ಮಕ್ಕನ ದನಿ.

"ಹೌದಾ? ನಾನು ನೋಡ್ಕಂಡೇ ಇಲ್ಲ ನೋಡ್ರಿ. ನಿಮ್ಮದೂ ಹುರುಳಿಕಾಳಿನಾಗೆ ಬಿದ್ದು ಬಂದೈತೆ."

"ಅಯ್ಯೋ, ವಯಸ್ಸಾತು, ಏನೂ ನೆನಪಿರಲ್ಲ. ಇರ್ಲಿ ಬಿಡ್ರಿ, ಮುಂದಿನ ಸಲ ಬಂದಾಗ ಕೊಡೀರಂತೆ."

"ನೀವೂ ಹುಷಾರಾಗಿ ಇಟ್ಕಳ್ರಿ. ಬಂದಾಗ ತಗಂತೀನಿ."

ಅಷ್ಟಾದ ಮೇಲೆ ಬೊಮ್ಮಕ್ಕ, ಊಟದಲ್ಲಿ ಪಲ್ಯಕ್ಕೆ ಉಪ್ಪು ಹೆಚ್ಚಾಯಿತೇ ಎಂದು ಕೇಳಿದಳು. ಆ ಮಾತು ಉಪ್ಪಿನಿಂದ ಅಡುಗೆಯವಳಿಗೆ, ಅಡುಗೆಯವಳಿಂದ ಅವಳ ಓರಗಿತ್ತಿಗೆ ಹೋಗಿ, ಟೆಂಪೋ ಸಾಸ್ವೆಹಳ್ಳಿಯ ಓಣಿಗೆ ಇಳಿಯುವವರೆಗೂ ನಡೆಯಿತು.

ಅಂದಿನಿಂದ ದಿನಾ ಬೆಳಿಗ್ಗೆ ಕುರಿ ಬಿಟ್ಟ ಮೇಲೆ ಒಂದು ಗಂಟೆ ಮಾತು. ಆ ಕಡೆ ರೊಟ್ಟಿ ಬಡಿಯುವ ಸದ್ದು, ಈ ಕಡೆ ಕುರಿಗಳ ಸದ್ದು. ಚನ್ನಗಿರಿಯಲ್ಲಿದ್ದ ಬೊಮ್ಮಕ್ಕನ ತಮ್ಮ ಒಮ್ಮೆ ಅಕ್ಕನ ನಂಬರಿಗೆ ಮಾಡಿದರೆ ಕರಿಬಸಮ್ಮ ಎತ್ತಿದಳು. ತಪ್ಪು ನಂಬರೆಂದು ಅವನು ಇಡಲು ಹೋದರೆ ಬಿಡದೆ, ಅವನ ಮನೆಯವರ ಆರೋಗ್ಯ, ಅಡಿಕೆ ತೋಟದ ಚೇಣಿ ಗುತ್ತಿಗೆ ಎಲ್ಲ ವಿಚಾರಿಸಿಕೊಂಡಳು. ಮರುದಿನ ಎಲ್ಲವನ್ನೂ ಬೀಗತಿಗೆ ಒಪ್ಪಿಸಿದಳು. ಹೆರಿಗೆಗೆ ಬಂದ ಗಂಗೋತ್ರಿಗೆ ಮಾತ್ರ ಹೊಸ ಕಷ್ಟ ಶುರುವಾಯಿತು. ಸೊಪ್ಪಿನ ಸಾರು ತಟ್ಟೆಯಲ್ಲಿ ಬಿಟ್ಟೆದ್ದರೆ ಅರ್ಧ ಗಂಟೆಯೊಳಗೆ ಅದು ಬಿಳಿಚೋಡಿನಲ್ಲಿ ಗೊತ್ತಾಗುತ್ತಿತ್ತು. ಹಟ್ಟಿಯಲ್ಲಿದ್ದಾಗ ಕದ್ದು ಹುಣಸೆಹಣ್ಣು ತಿಂದದ್ದು ತವರಿನಲ್ಲಿ ಗೊತ್ತಾಯಿತು. ಆ ಬೀಗವೇ ಚೆನ್ನಾಗಿತ್ತು ಎಂದು ಅವಳು ಕೆಂಚೇಶನಿಗೆ ದೂರಿದಳು.

ಎರಡು ತಿಂಗಳಿಗೆ ಹೊನ್ನಾಳಿಯ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. ಬೆಳಗಿನ ಒಂಬತ್ತು ಗಂಟೆ. ಕರಿಬಸಮ್ಮ ಮೊದಲು ಅಳಿಯನಿಗಲ್ಲ, ಬೀಗತಿಗೇ ಫೋನು ಮಾಡಿದಳು. ಮಗು ಅಳುವುದನ್ನು ಕೇಳಿಸಿದಳು. ಬೊಮ್ಮಕ್ಕ ದಿಬ್ಬದ ಮೇಲೆ ಕೂತು ಪೂರ್ತಿ ಕೇಳಿ, ಯಾರಂತಿದೆ ಎಂದು ಕೇಳಿದಳು.

ಮಗುವಿನ ಮೂಗು, ಹುಬ್ಬು, ಕಿವಿಯ ಅಂಚು ಎಲ್ಲವೂ ತನ್ನವೇ ಎಂದು ಕರಿಬಸಮ್ಮ ಆಗಲೇ ನರ್ಸಿಗೆ ಎರಡು ಸಲ ತೋರಿಸಿ ಆಗಿತ್ತು.

"ನಿಮ್ಮಂಗೇ ಐತೆ ಬೀಗ್ರೆ," ಎಂದಳು. "ಅಚ್ಚು ಇಳಿಸಿದಂಗೆ ಐತೆ."

ಹನ್ನೊಂದನೆಯ ದಿನ ಬೊಮ್ಮಕ್ಕ ಬೆಣ್ಣೆ, ಕುಲಾವಿ, ಕರಿ ಕಂಬಳಿ ತೆಗೆದುಕೊಂಡು ಸಾಸ್ವೆಹಳ್ಳಿಗೆ ಬಂದಳು. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಾಗಿಲಿನ ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದಳು. ಹಣೆ ತನ್ನದು, ಗಲ್ಲ ತನ್ನದು, ಬಾಯಂತೂ ನಿಸ್ಸಂಶಯವಾಗಿ ತನ್ನದು. ತಲೆಯೆತ್ತಿ ಬೀಗತಿಯನ್ನು ನೋಡಿ, ಮಗು ಪೂರ್ತಿ ನಿಮ್ಮ ಕಡೆಯದೇ ಹೋಲಿಕೆ, ನಮ್ಮದೇನೂ ಇಲ್ಲ ಎಂದಳು. ಕರಿಬಸಮ್ಮ ಛೇ ಛೇ ಎಲ್ಲಾದರೂ ಉಂಟೇ ಎಂದಳು. ಗೋಡೆಗೆ ಒರಗಿ ಕೂತಿದ್ದ ಗಂಗೋತ್ರಿ ಇಬ್ಬರ ಮುಖವನ್ನೂ ನೋಡಿ, ಹಾಲುಣಿಸಲು ಮಗುವನ್ನು ತೆಗೆದುಕೊಂಡಳು.